ಯೋಚನೆ ಮಾಡಿ ಹಿಡಿಯುವ ಬ್ರೇಕು

ಬಯಾಮೊ
ಶುಕ್ರವಾರ, 18 ನವೆಂಬರ್ 1994, ಬೆಳಿಗ್ಗೆ

ಪ್ರೀತಿಯ ಮಗಳು ಒದಾಲಿಸ್‌ಗೆ,

ಹೇಗಿದ್ದೀಯಮ್ಮಾ? ಆ ಬೆಟ್ಟದ ಚಳಿಗೆ ವರ್ಷ ವರ್ಷ ನಿನಗೆ ಹತ್ತುವ ಕೆಮ್ಮು ಈ ಸಲವೂ ಬಂದೇ ಬಂದಿರುತ್ತದೆ ಎಂದು ನಿನ್ನ ಅಮ್ಮ ಎದ್ದಾಗಿನಿಂದ ಹೇಳುತ್ತಿದ್ದಾಳೆ. ದೊಡ್ಡಪತ್ರೆ ಎಲೆಯನ್ನು ಜೇನಿನಲ್ಲಿ ಕಾಯಿಸಿ ಒಂದು ಸಣ್ಣ ಬಾಟಲಿ ತುಂಬಿಟ್ಟಿದ್ದಾಳೆ. ಈ ಕಾಗದದ ಜೊತೆ ಅದನ್ನೂ ಎವೇಲಿಯೊನ ಲಾರಿಯಲ್ಲಿ ಕಳಿಸುತ್ತೇನೆ. ಅವನು ಹನ್ನೆರಡಕ್ಕೆ ಹೊರಟರೆ ಸಂಜೆಯೊಳಗೆ ಲೋಮಾ ಕೊಲೊರಾದಾದ ನಿನ್ನ ಶಾಲೆಯ ಮುಂದೆ ಬಂದು ಹಾರನ್ ಹೊಡೆಯುತ್ತಾನೆ. ಕುಡಿಯುವ ಮೊದಲು ಬಾಟಲಿ ಅಲ್ಲಾಡಿಸು. ನಾವಿಲ್ಲಿ ಆರೋಗ್ಯವಾಗಿದ್ದೇವೆ. ನನ್ನ ಎಡ ಮೊಣಕಾಲು ಮಾತ್ರ ತನ್ನ ಹಳೆಯ ಹಟ ಬಿಟ್ಟಿಲ್ಲ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಕರೆಂಟು ನಿನ್ನೆ ಬೆಳಿಗ್ಗೆ ಹೋದದ್ದು ಇನ್ನೂ ಬಂದಿಲ್ಲ. ಹುರಿದ ಬಟಾಣಿ ಬೆರೆಸಿದ ಕಾಫಿಗೆ ನಾಲಿಗೆ ಎಷ್ಟು ಒಗ್ಗಿದೆಯೆಂದರೆ, ಮೊನ್ನೆ ಯಾರೋ ನಿಜವಾದ ಕಾಫಿ ಕೊಟ್ಟಾಗ ಇದೇನು ಕಹಿ ಎಂದುಬಿಟ್ಟೆ.

ನಿನ್ನ ಕಾಗದ ಬುಧವಾರ ಕೈಸೇರಿತು. ಅಮ್ಮನಿಗೆ ಓದಿ ಹೇಳಿದೆ, ನೀನು ಮುಚ್ಚಿಡು ಎಂದ ಭಾಗ ಬಿಟ್ಟು. ನಾಳೆ ಅವಳಿಗೆ ಅರವತ್ತು ತುಂಬುತ್ತದೆ. "ಲಾರಿಗೆ ಕಾಯೋದಿಲ್ಲ ಅಪ್ಪಾ, ನೀನು ಮಾಡಿಕೊಟ್ಟ ಸೈಕಲ್ ಮೇಲೇನೇ ಶನಿವಾರ ಬೆಳಕು ಹರಿಯೋ ಹೊತ್ತಿಗೆ ಬೆಟ್ಟ ಇಳೀತೀನಿ. ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀನಿ, ಅಮ್ಮಂಗೆ ಹೇಳ್ಬೇಡ" ಎಂದು ನೀನು ಬರೆದ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೊದಮೊದಲು ಖುಷಿಗೆ ಓದಿದೆ. ಅವಳು ಪಾಪ, ಏನೂ ತಿಳಿಯದೆ ಸಿಹಿಗೆಣಸಿನ ಕೇಕಿಗೆ ಸಕ್ಕರೆ ಹೊಂದಿಸಲು ಎರಡು ಸೋಪು ಕೊಟ್ಟು ಬಂದಿದ್ದಾಳೆ. "ಮಗಳು ಬರಲ್ಲ, ತಿನ್ನೋರು ಯಾರು?" ಎಂದು ಗೊಣಗುತ್ತಲೇ ಗೆಣಸು ತುರಿಯುತ್ತಿದ್ದಾಳೆ.

ಸೈಕಲಿನ ಬಗ್ಗೆ ಹೇಳಬೇಕು. ಅಕ್ಟೋಬರಿನಲ್ಲಿ ಅದನ್ನು ಸರಿಮಾಡಿ ನಿನಗೆ ವಾಪಸು ಕಳಿಸಲು ಲಾರಿಗೆ ಏರಿಸುವಾಗ ನಿನಗೊಂದು ಚೀಟಿ ಬರೆಯುವಷ್ಟೂ ಪುರಸೊತ್ತಿರಲಿಲ್ಲ. ನದಿ ಅಳೆಯಲು ಬಂದು ಅದನ್ನು ನಿನಗೆ ಬಿಟ್ಟುಹೋದ ಆ ವಿದೇಶಿ ಒಳ್ಳೆಯವನೇ ಇರಬಹುದು. ಆದರೆ ಇಪ್ಪತ್ತೊಂದು ಗೇರು! ಮೂರನೇ ತರಗತಿಗೆ ಮಗ್ಗಿ ಹೇಳಿಕೊಡುವವಳಿಗೆ ಅಷ್ಟೊಂದು ಯಾಕೆ? ಕೆಂಪು ಮಣ್ಣು ಹೊಕ್ಕು ಹಲ್ಲುಗಳೆಲ್ಲ ಸವೆದಿದ್ದವು, ಚೈನು ತನಗೆ ತೋಚಿದ ಕಡೆ ಹಾರುತ್ತಿತ್ತು. ಗೇರಿನ ಗುಂಡಿ, ಬ್ರೇಕಿನ ಹಿಡಿ ಎರಡೂ ಒಂದೇ ತುಂಡು, ಅದೂ ಬಿರುಕು ಬಿಟ್ಟಿತ್ತು. ಬ್ರೇಕಿನ ರಬ್ಬರು ತಗಡಿನವರೆಗೆ ಸವೆದಿತ್ತು, ಆ ಅಳತೆಯದು ಬಯಾಮೊದಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಗೇರು, ತಂತಿ, ಕೈಬ್ರೇಕು ಎಲ್ಲವನ್ನೂ ಕಿತ್ತು ಹಾಕಿದೆ. ಹಿಂದಿನ ಚಕ್ರದ ನಡುವಿಗೆ ಹಳೆಯ ರಷ್ಯನ್ ಸೈಕಲೊಂದರ ಕಾಲುಬ್ರೇಕಿನ ಹಬ್ಬು ಕೂರಿಸಿ, ಅದೇ ರಿಮ್ಮಿಗೆ ಮೂವತ್ತಾರು ಕಡ್ಡಿಗಳನ್ನು ಒಂದೊಂದಾಗಿ ಹೆಣೆದೆ. ಅಗಲ ಸಾಲದ ಕಡೆ ವಾಷರ್ ತುಂಬಿದೆ. ಒಂದೇ ಗೇರು, ಒಂದೇ ಬ್ರೇಕು, ಹಿಂದಕ್ಕೆ ತುಳಿದರೆ ನಿಲ್ಲಬೇಕು. ನಮ್ಮ ಬೀದಿಯಲ್ಲಿ ಯಾರ ಸೈಕಲಿಗೆ ಕೈಬ್ರೇಕು ಉಳಿದಿದೆ ಹೇಳು? ನಿನಗೆ ಏಳು ವರ್ಷವಿದ್ದಾಗ ನಾನು ಕಲಿಸಿದ್ದೂ ಅದನ್ನೇ. "ಹೆದರಿಕೆ ಆದ್ರೆ ಕೈಗೆ ಹೇಳ್ಬೇಡ, ಕಾಲಿಗೆ ಹೇಳು" ಅಂತಿದ್ದೆನಲ್ಲ, ನೆನಪಿದೆಯೇ?

ಒಂದೇ ಒಂದು ತೊಡಕು ಬಂತು. ನಮ್ಮ ಸೈಕಲುಗಳಲ್ಲಿ ಹಿಂದಿನ ಚಕ್ರ ಕೂರುವ ಸೀಳು ಉದ್ದಕ್ಕಿರುತ್ತದೆ. ಚಕ್ರವನ್ನು ಹಿಂದಕ್ಕೆ ಎಳೆದು ನಟ್ಟು ಬಿಗಿದರೆ ಚೈನು ತಾನೇ ಬಿಗಿಯಾಗುತ್ತದೆ. ನಿನ್ನದರಲ್ಲಿ ಸೀಳು ನೇರ ಕೆಳಕ್ಕಿದೆ, ಎಳೆಯಲು ಜಾಗವೇ ಇಲ್ಲ. ಒಂದು ಕೊಂಡಿ ತೆಗೆದರೆ ಚೈನು ಸಾಲದು, ಸೇರಿಸಿದರೆ ಜೋತುಬೀಳುತ್ತದೆ. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ, ಕಿತ್ತು ಹಾಕಿದ್ದ ಗೇರಿನ ಸಾಮಾನಿನಲ್ಲಿ ಎರಡು ಪುಟ್ಟ ಗಾಲಿಗಳಿರುವ ಸ್ಪ್ರಿಂಗಿನ ತೋಳು ಕಣ್ಣಿಗೆ ಬಿತ್ತು. ಅದನ್ನೇ ಮತ್ತೆ ಸಿಕ್ಕಿಸಿ, ಜೋತುಬಿದ್ದ ಚೈನನ್ನು ಅದರಿಂದ ಎತ್ತಿ ಹಿಡಿಸಿದೆ. ಎಷ್ಟು ಚೆಂದ ಕೂತಿತೆಂದರೆ ಅಕ್ಕಪಕ್ಕದವರನ್ನು ಕರೆದು ತೋರಿಸಿದೆ. ಬೀದಿಯ ತುದಿಯವರೆಗೆ ಓಡಿಸಿಯೂ ನೋಡಿದೆ. ನಿಂತಿತು. ಪೆಡಲು ಕಾಲು ಭಾಗ ಸುತ್ತು ಹಿಂದಕ್ಕೆ ಹೋದ ಮೇಲೆ ತಡವಾಗಿ ನಿಂತಿತು, ಹೊಸ ಗ್ರೀಸಿನಿಂದ ಎಂದುಕೊಂಡೆ.

ನೀನೂ ಬರೆದಿದ್ದೀಯ. "ಶಾಲೆಯ ಬಯಲಲ್ಲಿ ರೇಷ್ಮೆ ಥರ ಓಡುತ್ತೆ ಅಪ್ಪಾ, ಬ್ರೇಕು ಮಾತ್ರ ಸ್ವಲ್ಪ ಯೋಚನೆ ಮಾಡಿ ಹಿಡಿಯುತ್ತೆ, ನಿನ್ನ ಹಾಗೇನೇ." ಈ ಸಾಲನ್ನು ಅಮ್ಮನಿಗೆ ಓದಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ.

ಈಗ ಬೌದಿಲಿಯೊನ ಸುದ್ದಿ ಕೇಳು. ಹಂದಿ ಸಾಕುವ ನಮ್ಮ ಬೌದಿಲಿಯೊ, ಚಿಕ್ಕವಳಿದ್ದಾಗ ನಿನ್ನನ್ನು ಹಂದಿಯ ಮೇಲೆ ಕೂರಿಸಿ ಅಮ್ಮನಿಂದ ಬೈಸಿಕೊಂಡವನು. ಅವನಿಗೂ ಅಂಥದೇ ಒಂದು ಗೇರಿನ ಸೈಕಲು ಎಲ್ಲಿಂದಲೋ ಸಿಕ್ಕಿತ್ತು. ನಿನ್ನದನ್ನು ನೋಡಿ ಆಸೆಪಟ್ಟು ನನಗೂ ಹಾಗೇ ಮಾಡಿಕೊಡು ಎಂದ. ಅದೇ ರಷ್ಯನ್ ಹಬ್ಬು, ಅದೇ ಸ್ಪ್ರಿಂಗಿನ ತೋಳು, ಎಲ್ಲ ಅದೇ. ನಿನ್ನೆ ಬೆಳಿಗ್ಗೆ ಕ್ಯಾರಿಯರಿನ ಮೇಲೆ ಹಂದಿಯೊಂದನ್ನು ಕಟ್ಟಿಕೊಂಡು ನದಿಗೆ ಇಳಿಯುವ ದಾರಿಯಲ್ಲಿ ಹೋದನಂತೆ. ಆ ಇಳಿಜಾರು ಎಷ್ಟಿದೆ ಎಂದು ನಿನಗೇ ಗೊತ್ತು, ಮಕ್ಕಳು ರಟ್ಟಿನ ಮೇಲೆ ಕೂತು ಜಾರುವಷ್ಟು. ಎದುರಿಗೆ ಕುದುರೆಗಾಡಿ ಬಂತು, ಬೌದಿಲಿಯೊ ಜೋರಾಗಿ ಹಿಂದಕ್ಕೆ ತುಳಿದ. ಮುಂದಿನದು ಜನ ಹೇಳಿದ್ದು. ಏನೋ ಟಣ್ ಎಂದಿತಂತೆ, ಚೈನು ಹಗ್ಗದ ಹಾಗೆ ನೆಲಕ್ಕೆ ಬಿತ್ತಂತೆ, ಅವನು ಪೆಡಲನ್ನು ಹಿಂದಕ್ಕೆ ಸುತ್ತುತ್ತಲೇ ಕಲ್ಲಿನ ಗೋಡೆಗೆ ಹೋಗಿ ಹೊಡೆದನಂತೆ. ಹಂದಿ ಕಟ್ಟು ಹರಿದುಕೊಂಡು ನಡೆದುಹೋಯಿತು. ಇವನ ಹೆಗಲ ಮೂಳೆ ಮುರಿದಿದೆ, ಎರಡು ಹಲ್ಲು ಹೋಗಿವೆ. ನೋಡಲು ಹೋದಾಗ ಬಾಯಿ ಊದಿದ್ದರೂ ಸುಮ್ಮನಿರಲಿಲ್ಲ. "ಫೆರ್ಮಿನ್, ನಿನ್ನ ಬ್ರೇಕಿಗಿಂತ ನನ್ನ ಹಂದಿಗೇ ಬುದ್ಧಿ ಜಾಸ್ತಿ ಕಣೋ, ಅದು ಮೊದ್ಲೇ ಹಾರ್ಕೊಳ್ತು" ಎಂದ. ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಅವನ ಸೈಕಲನ್ನು ಮನೆಗೆ ಹೊತ್ತು ತಂದಿದ್ದೇನೆ. ಈಗ ಇದನ್ನು ಬರೆಯುವಾಗ ನನ್ನ ಮುಂದೆಯೇ ಬಿದ್ದಿದೆ. ಬಹಳ ಭಾರ ಹೇರಿದ್ದ, ಹಂದಿ ಒದ್ದಾಡಿರಬೇಕು, ಯಾರು ಕಂಡವರು. ನಾನು ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನನ್ನ ಕೈಯಿಂದ ಹೋದ ಸೈಕಲು ಯಾರನ್ನೂ ಬೀಳಿಸಿದ್ದಿಲ್ಲ.

ಅದಿರಲಿ. ನಾಳೆ ನೀನು ಲಾರಿಯಲ್ಲೇ ಬಂದುಬಿಟ್ಟರೆ ಒಳ್ಳೆಯದು ಮಗಳೇ. ಎವೇಲಿಯೊ ಬೆಳಿಗ್ಗೆ ಹಿಂತಿರುಗುತ್ತಾನೆ, ಅವನ ಪಕ್ಕದ ಸೀಟು ನಿನಗೇ ಇಡಲು ಹೇಳುತ್ತೇನೆ. ಬೆಟ್ಟದಲ್ಲಿ ಮಳೆ ಅಂತೆ, ಕೆಂಪು ಮಣ್ಣು ಜಾರುತ್ತದೆ. ಜೊತೆಗೆ ಅಮ್ಮನಿಗೆ ಸೀಬೆಹಣ್ಣು ತರುವುದಾದರೆ ಲಾರಿಯಲ್ಲಿ ಎಷ್ಟು ಬೇಕಾದರೂ ತರಬಹುದು. ಸೈಕಲು ಶಾಲೆಯಲ್ಲೇ ಇರಲಿ, ಯಾರಿಗೂ ಕೊಡಬೇಡ, ಮಕ್ಕಳು ಮುಟ್ಟದ ಹಾಗೆ ಬೀಗ ಹಾಕು.

ನಿನ್ನ ಶಾಲೆಯ ಮಕ್ಕಳಿಗೆಲ್ಲ ಈ ಮುದುಕನ ನೆನಪು ಹೇಳು. ತಲೆಗೆ ಬಟ್ಟೆ ಕಟ್ಟದೆ ಮಂಜಿನಲ್ಲಿ ತಿರುಗಬೇಡ. ನೀನು ಹುಟ್ಟಿದ ದಿನ ನಿನ್ನ ನೆತ್ತಿಯ ಮೇಲಿಟ್ಟ ಕೈಯನ್ನು ನಾನಿನ್ನೂ ತೆಗೆದಿಲ್ಲ, ಅದು ಅಲ್ಲೇ ಇರಲಿ.

ನಿನ್ನ ಅಪ್ಪ,
ಫೆರ್ಮಿನ್

ಮರೆತದ್ದು: ಮರೆತದ್ದಲ್ಲ, ಬರೆಯಲಾಗದ್ದು. ಎವೇಲಿಯೊ ಈಗ ತಾನೇ ಬಂದು ಹೋದ. ಡೀಸೆಲ್ ಇಲ್ಲ, ಸೋಮವಾರದವರೆಗೆ ಲಾರಿ ಹೊರಡುವುದಿಲ್ಲ. ಬೆಟ್ಟದ ಕೆಳಗಿನ ಅಂಗಡಿಯ ಫೋನು ಬಿರುಗಾಳಿ ಬಂದಾಗಿನಿಂದ ಸತ್ತಿದೆ. ಮಳೆಯ ಮಾತು ಸುಳ್ಳು. ತಪ್ಪು ಹಂದಿಯದೂ ಅಲ್ಲ, ಬೌದಿಲಿಯೊನದೂ ಅಲ್ಲ, ನನ್ನದು. ಮುಂದಕ್ಕೆ ತುಳಿದಾಗ ಚೈನಿನ ಸಡಿಲವೆಲ್ಲ ಕೆಳಗೆ ಬರುತ್ತದೆ, ಆ ತೋಳು ಅದನ್ನು ಎತ್ತಿಕೊಳ್ಳುತ್ತದೆ. ಹಿಂದಕ್ಕೆ ತುಳಿದರೆ ಎಳೆತವೆಲ್ಲ ಕೆಳಗೇ ಬೀಳುತ್ತದೆ, ನೇರ ಆ ಬಡಪಾಯಿ ತೋಳಿನ ಮೇಲೆ. ಮೆಲ್ಲಗೆ ಒತ್ತಿದರೆ ಬಾಗಿ ತಡೆದುಕೊಳ್ಳುತ್ತದೆ. ಜೋರಾಗಿ ಒತ್ತಿದರೆ ಮುರಿದು ಕಡ್ಡಿಯೊಳಗೆ ಹೋಗುತ್ತದೆ, ಚೈನು ಕಳಚುತ್ತದೆ, ಆಮೇಲೆ ನಿನ್ನ ಸೈಕಲಿಗೆ ಬ್ರೇಕೇ ಇಲ್ಲ. ನಿನ್ನ ಬಯಲಿನಲ್ಲಿ, ನನ್ನ ಬೀದಿಯಲ್ಲಿ ನಾವು ಮೆಲ್ಲಗೆ ಒತ್ತಿದ್ದೆವು. ಬೆಟ್ಟ ಇಳಿಯುವಾಗ ಸಿಗುವ ಸತ್ತ ಹಸುವಿನ ತಿರುವು ಅಂತೀವಲ್ಲ, ಅಲ್ಲಿ, ಬಲಗಡೆ ಕಣಿವೆಯಲ್ಲಿ ಬರೀ ಮರದ ತಲೆಗಳು ಕಾಣುವ ಕಡೆ, ಯಾರು ಮೆಲ್ಲಗೆ ಒತ್ತುತ್ತಾರೆ? ಯೋಚನೆ ಮಾಡಿ ಹಿಡಿಯುತ್ತದೆ ಎಂದು ನೀನು ಬರೆದಾಗಲೇ ನನಗೆ ಗೊತ್ತಾಗಬೇಕಿತ್ತು. ನಿಜ ಹೇಳಬೇಕೆಂದರೆ ಆಗಲೇ ಅನುಮಾನ ಬಂದಿತ್ತು, ನಕ್ಕು ಬಿಟ್ಟೆ.

ಅಮ್ಮನಿಗೆ ಎಲ್ಲ ಹೇಳಿದೆ, ನೀನು ಬರುವುದನ್ನೂ. ಅವಳು ಅಳಲಿಲ್ಲ. "ಬೆಳಿಗ್ಗೆಯಿಂದ ಕೂತು ಇದನ್ನ ಕಾಗದದಲ್ಲಿ ಬರೀತಿದ್ದೀಯಾ? ಎದ್ದೇಳೋ ಮೊದ್ಲು!" ಎಂದಳು. ನಾಳೆಗೆಂದು ಮೇಜಿಗೆ ಹಾಸಿದ್ದ ಬಿಳಿ ಬಟ್ಟೆಯನ್ನು ಎಳೆದು ನನ್ನ ಸೈಕಲಿನ ಹ್ಯಾಂಡಲಿಗೆ ಕಟ್ಟಿದ್ದಾಳೆ, ದೂರದಿಂದ ಕಾಣಲಿ ಎಂದು. ಬೆಟ್ಟದ ಬುಡಕ್ಕೆ ನಲವತ್ತೈದು ಕಿಲೋಮೀಟರು, ಅಲ್ಲಿಂದ ಮೇಲಕ್ಕೆ ನಡಿಗೆ. ಮೊಣಕಾಲು ನಡುವೆ ಕೈಕೊಟ್ಟರೆ ದಾರಿಯಲ್ಲಿ ಸಿಕ್ಕ ಹೇಸರಗತ್ತೆಯವನ ಕೈಯಲ್ಲಾದರೂ ಈ ಕಾಗದ ಮೇಲಕ್ಕೆ ಕಳಿಸುತ್ತೇನೆ, ಅದಕ್ಕೇ ಇಷ್ಟನ್ನೂ ಬರೆದೆ. ನಾನು ರಸ್ತೆಯ ನಡುವೆಯೇ ಬರುತ್ತೇನೆ. ನೀನು ಆಗಲೇ ಇಳಿಯುತ್ತಿದ್ದರೆ, ನನ್ನನ್ನು ಕಂಡು ಬ್ರೇಕು ಒತ್ತಬೇಡ. ಕಾಲಿಗೆ ಹೇಳಬೇಡ ಮಗಳೇ, ನಾನು ಕಲಿಸಿದ್ದನ್ನು ಮರೆತುಬಿಡು. ತಿರುವಿಗೆ ಮೊದಲು ಎಡಗಡೆ ಕಾಫಿ ಗಿಡಗಳಿವೆ, ಅವುಗಳೊಳಗೆ ನುಗ್ಗಿಸು, ಗಾಯವಾದರೂ ಆಗಲಿ.

ಇದನ್ನು ಬರೆದ ಮೇಲೆ ಹೊಳೆಯುತ್ತಿದೆ. ನೀನು ಆಗಲೇ ಇಳಿಯುತ್ತಿದ್ದರೆ ಈ ಕಾಗದ ನಿನ್ನ ಕೈಯಲ್ಲಿರುವುದಿಲ್ಲ, ನನ್ನ ಜೇಬಿನಲ್ಲಿರುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಹೊರಟೆ.