ಬಸವನಹುಳುವಿಗೆ ಓಟ ಕಲಿಸಿದ್ದು

ಕೆಳಗಿನ ಮನೆ
ಗುರುವಾರ ಮಧ್ಯಾಹ್ನ

ನನ್ನ ಓರಗಿತ್ತಿಗೆ,

ದಿನವೂ ತಂಗಿ ಎಂದು ಕರೆಯುವವಳು ಇವತ್ತು ಓರಗಿತ್ತಿ ಎಂದು ಬರೆದಳಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಪರವಾಗಿಲ್ಲ. ತಂಗಿ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಕಟ್ಟಿಕೊಂಡವರು ನಾವು, ಅಷ್ಟನ್ನು ಮಾತ್ರ ಅಳಿಸಲು ಆಗುವುದಿಲ್ಲವಲ್ಲ, ಅದನ್ನೇ ಬರೆದೆ.

ಮೆಟ್ಟಿಲು ಹತ್ತಿ ಬಂದು ಹೇಳಬಹುದಾದುದನ್ನು ಕಾಗದದಲ್ಲಿ ಬರೆಯುತ್ತಿದ್ದಾಳೆ, ಇವಳಿಗೇನು ಹುಚ್ಚೇ ಎಂದುಕೊಳ್ಳುತ್ತೀಯ. ನಿನ್ನ ಮುಖ ನೋಡಿದರೆ ನನಗೆ ಒಂದೋ ಬೈಗುಳ ಬರುತ್ತದೆ, ಇಲ್ಲವೇ ಅಳು ಬರುತ್ತದೆ. ಎರಡನ್ನೂ ನಿಮಗೆಲ್ಲ ತೋರಿಸುವುದು ನನಗೆ ಇಷ್ಟವಿಲ್ಲ. ನಿನ್ನೆಯಿಂದ ನೀನು ಎಷ್ಟು ಸಲ ಬಾಗಿಲು ತಟ್ಟಿದೆ ಎಂಬುದು ಗೊತ್ತು. ಒಳಗೇ ಇದ್ದೆ.

ಮಂಗಳವಾರ ಬಸ್ ನಿಲ್ದಾಣದಲ್ಲಿ ಏನಾಯಿತು ಎಂಬುದನ್ನು ನಿನ್ನ ಭಾವ ನಿನಗೆ ಅರ್ಧಂಬರ್ಧ ಹೇಳಿರುತ್ತಾರೆ. ಪೂರ್ತಿ ಕೇಳು. ನಾನು ಟಿಕೆಟ್ ಕೊಡುವ ಕೌಂಟರಿನ ಗಾಜಿಗೆ ನಮ್ಮಿಬ್ಬರ ಫೋಟೋ ಅಂಟಿಸಿಕೊಂಡಿದ್ದೆನಲ್ಲ, ಮೊದಲ ಸಲ ಹತ್ತು ನಿಮಿಷ ನಿಲ್ಲದೆ ಓಡಿದ ದಿನ ತೆಗೆದದ್ದು, ಇಬ್ಬರ ಮುಖವೂ ಟೊಮೆಟೊ ಆಗಿರುವುದು. ಟಿಕೆಟ್ ಕೇಳಲು ಬಗ್ಗಿದ ಹೆಂಗಸೊಬ್ಬಳು ದುಡ್ಡು ಕೊಡುವುದನ್ನೂ ಮರೆತು ಅದನ್ನೇ ನೋಡುತ್ತಾ ನಿಂತಳು. ಆಮೇಲೆ ನಿನ್ನ ಮುಖದ ಮೇಲೆ ಬೆರಳಿಟ್ಟು, ಅಯ್ಯೋ ಇವಳು ನನ್ನ ಹಾಸ್ಟೆಲಿನ ಗೆಳತಿ, ನಾವೆಲ್ಲ ಇವಳನ್ನ ಗಾಳಿ ಅಂತಲೇ ಕರೀತಿದ್ವಿ, ಇವಳು ಓಡ್ತಾಳೆ ಅಂದ್ರೆ ಉಳಿದವರಿಗೆ ಪೈಪೋಟಿ ಏನಿದ್ರೂ ಎರಡನೇ ಬಹುಮಾನಕ್ಕೆ ಅಂದಳು.

ನಾನು ಏನು ಹೇಳಿದೆ ಗೊತ್ತೇ? ಇಲ್ಲಮ್ಮ, ನೀವು ಬೇರೆ ಯಾರನ್ನೋ ಅಂದುಕೊಂಡಿದ್ದೀರಿ, ಇವಳಿಗೆ ಓಡೋದು ಕಲಿಸಿದ್ದೇ ನಾನು ಎಂದೆ. ಎದೆಯುಬ್ಬಿಸಿಕೊಂಡು ಹೇಳಿದೆ. ಅವಳು ನಕ್ಕಳು. ಸಾಲಿನಲ್ಲಿ ಹಿಂದೆ ನಿಂತಿದ್ದವರಿಗೂ ನಗು. ಗಲ್ಲದ ಕೆಳಗೆ ಹೊಲಿಗೆಯ ಗುರುತಿದೆ ನೋಡಿ, ರಿಲೇ ಓಟದಲ್ಲಿ ಬಿದ್ದಾಗ ಆಗಿದ್ದು, ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗಿದ್ದೆ ಅಂದಳು. ಆ ಗುರುತು ಮಗುವಾಗಿದ್ದಾಗ ಮಂಚದಿಂದ ಬಿದ್ದು ಆದದ್ದು ಎಂದು ನೀನು ನನಗೆ ಹೇಳಿದ್ದೆ. ಆ ಹೆಂಗಸಿಗೆ ನಾನು ಯಾವ ಊರಿನ ಟಿಕೆಟ್ ಕೊಟ್ಟೆನೋ, ಅವಳು ಎಲ್ಲಿ ಹೋಗಿ ಇಳಿದಳೋ, ದೇವರಿಗೇ ಗೊತ್ತು.

ಈಗ ಹಿಂದಿನದೆಲ್ಲ ಒಂದೊಂದಾಗಿ ನೆನಪಾಗುತ್ತಿದೆ. ನೀನು ಫೋನು ಹಿಡಿದುಕೊಂಡು ಕೆಳಗಿಳಿದು ಬಂದ ಸಂಜೆ. ಡಾಕ್ಟರು ನನಗೆ ಓಡಬೇಕು ಅಂದಿದ್ದಾರೆ ಅಕ್ಕಾ, ಒಬ್ಬಳೇ ಹೋಗೋಕೆ ಭಯ, ನಾಚಿಕೆ ಬೇರೆ, ನೀವು ಜೊತೆಗೆ ಬಂದ್ರೆ ಮಾತ್ರ ಹೋಗ್ತೀನಿ ಎಂದು ಸೆರಗಿನ ತುದಿ ತಿರುಚುತ್ತಾ ನಿಂತಿದ್ದೆ. ನನಗೆ ಅಯ್ಯೋ ಪಾಪ ಅನ್ನಿಸಿತು. ಡಾಕ್ಟರು ಹೇಳಿದ್ದು ನಿನಗಲ್ಲ, ನನಗೆ. ಆ ಚೀಟಿಯನ್ನು ನಾನು ಯಾರಿಗೂ ತೋರಿಸದೆ ದಿಂಬಿನ ಕೆಳಗೆ ಇಟ್ಟಿದ್ದೆ. ಇಬ್ಬರಿಗೂ ಒಂದೇ ಕಾಲಕ್ಕೆ ಒಂದೇ ಮದ್ದು ಬಂದಿದೆಯಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟವಳು ನಾನು! ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವವಳಿಗೆ ಅದಕ್ಕಿಂತ ಹೆಚ್ಚು ಬುದ್ಧಿ ಎಲ್ಲಿಂದ ಬರಬೇಕು?

ಹಾಗೆ ಶುರುವಾಯಿತು. ಹಳೆಯ ಗೋದಾಮಿನ ಸುತ್ತಲಿನ ದಾರಿ, ಬೆಳಗಿನ ಚಳಿ, ಫೋನಿನಲ್ಲಿ ಓಟ ಕಲಿಸುವ ಆ್ಯಪಿನೊಳಗಿಂದ ಮಾತಾಡುವ ಆ ಹೆಂಗಸು. ಒಂದು ನಿಮಿಷ ಓಡಿ ಅನ್ನುವಳು, ಈಗ ನಡೆಯಿರಿ ಅನ್ನುವಳು, ನಾವು ಅವಳನ್ನು ಟೀಚರಮ್ಮ ಎಂದು ಕರೆದೆವು. ಮೊದಲ ದಿನದ ಆ ಒಂದು ನಿಮಿಷ ಮುಗಿಯುವಷ್ಟರಲ್ಲಿ ನನಗೆ ಪ್ರಾಣ ಬಾಯಿಗೆ ಬಂದಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ ನೀನು ನನಗಿಂತ ಜೋರಾಗಿ ಏದುಸಿರು ಬಿಡುತ್ತಾ ಬೇಲಿಯ ಕಂಬ ಹಿಡಿದುಕೊಂಡಿದ್ದೆ. ನಿನ್ನನ್ನು ನೋಡಿಯೇ ನನಗೆ ಧೈರ್ಯ ಬಂತು. ಇವಳಿಗಿಂತ ನಾನೇ ವಾಸಿ ಎಂಬ ಧೈರ್ಯ.

ಎಷ್ಟು ಪಾಠ ಹೇಳಿದೆ ನಾನು! ಹಿಮ್ಮಡಿ ಕುಟ್ಟಬೇಡ, ಭುಜ ಬಿಗಿ ಹಿಡಿಯಬೇಡ, ಮಾತಾಡಲು ಉಸಿರು ಉಳಿಯುವಷ್ಟೇ ಜೋರಾಗಿ ಓಡು. ಎಲ್ಲವೂ ಹಿಂದಿನ ಸಂಜೆ ಅಲ್ಲಿ ಇಲ್ಲಿ ಓದಿಕೊಂಡದ್ದು. ನೀನು ಕಣ್ಣರಳಿಸಿ ಹೌದಾ ಅಕ್ಕಾ ಅನ್ನುತ್ತಿದ್ದೆ. ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ! ನಿನಗೆ ಬಸವನಹುಳು ಎಂದು ಹೆಸರಿಟ್ಟೆ. ಊಟಕ್ಕೆ ಕೂತಾಗ ಎಲ್ಲರ ಮುಂದೆಯೂ ಹಾಗೆ ಕರೆದೆ, ಎಲ್ಲರೂ ನಕ್ಕರು. ಅವರು ನಕ್ಕದ್ದು ನಿನ್ನನ್ನು ನೋಡಿ ಅಲ್ಲ ಎಂಬುದು ಮಂಗಳವಾರ ಗೊತ್ತಾಯಿತು.

ಒಬ್ಬಳಿಗೆ ಆಗದಿದ್ದರೆ ಇಬ್ಬರೂ ಆ ವಾರವನ್ನು ಮೊದಲಿನಿಂದ ಮಾಡಬೇಕು ಎಂದು ನಿಯಮ ಮಾಡಿದವಳು ನಾನೇ. ಮೂರನೆಯ ವಾರವನ್ನು ನಿನಗಾಗಿ ಎರಡು ಸಲ ಮಾಡಿದೆ. ಒಂದು ಬೆಳಿಗ್ಗೆ ನೀನು ತುಂಬಾ ಬಾಡಿದ್ದೀಯ ಅನ್ನಿಸಿ, ನನ್ನ ಮೊಣಕಾಲು ಹಿಡಿದುಕೊಂಡಿದೆ ಎಂದು ಹೇಳಿ ಇಡೀ ದಾರಿ ಕುಂಟುತ್ತಾ ನಡೆದೆ. ನೀನು ನಾಚಿಕೊಳ್ಳಬಾರದಲ್ಲ ಎಂದು. ಓಡಬಲ್ಲ ಇಬ್ಬರು ಹೆಂಗಸರು ಒಬ್ಬಳಿಗಾಗಿ ಒಬ್ಬಳು ನಡೆದುಕೊಂಡೇ ಮನೆಗೆ ಬಂದೆವು. ಹಾಗಾದರೆ ನೀವೂ ಸುಳ್ಳು ಹೇಳಿದ್ದೀರಲ್ಲ ಅಕ್ಕಾ ಎಂದು ಬಾಯಿ ತೆಗೆಯಬೇಡ. ನನ್ನದು ಒಂದು ಬೆಳಗಿನ ಸುಳ್ಳು, ನಿನ್ನದು ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ.

ಇಷ್ಟೇ ಆಗಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಮೂರನೆಯ ದಿನ ನಗುತ್ತಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತು. ನನಗೆ ತಡೆಯಲಾಗದೆ ಇರುವುದು ಆ ಕಲ್ಲುಬೆಂಚಿನ ಬೆಳಗು.

ಐದನೆಯ ವಾರದ ಕೊನೆಯ ದಿನ ಟೀಚರಮ್ಮ ನಡಿಗೆಯನ್ನೆಲ್ಲ ತೆಗೆದುಹಾಕಿ ಇಪ್ಪತ್ತು ನಿಮಿಷ ಬರೀ ಓಟ ಎಂದಳಲ್ಲ, ಅವತ್ತು. ಅರ್ಧ ದಾರಿಯಲ್ಲಿ ನೀನು ಪಕ್ಕೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆ. ನನ್ನ ಕೈಲಾಗಲ್ಲ ಅಕ್ಕಾ, ನನ್ನ ಮೈ ನೋಡಿದ್ರೆ ನನಗೇ ಅಸಹ್ಯ ಎಂದು ಅತ್ತೆ. ನಾನು ನಿನ್ನ ಪಕ್ಕ ಕೂತು ಬೆನ್ನು ಸವರಿದೆ. ಬರೀ ಬೆನ್ನು ಸವರಿದರೆ ಸಾಲದು ಅನ್ನಿಸಿತು. ನೀನು ನಿನ್ನ ಒಳಗಿನದನ್ನು ಬಿಚ್ಚಿಟ್ಟಾಗ ನಾನು ದೊಡ್ಡವಳಂತೆ ಉಪದೇಶ ಮಾಡುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಗಂಡನಿಗೂ ಹೇಳದೆ ಇದ್ದುದನ್ನು ನಿನಗೆ ಹೇಳಿದೆ. ಆಫೀಸಿನಲ್ಲಿ ಮೇಲ್ವಿಚಾರಕಿಯ ಕೆಲಸ ಬಂದಾಗ ಬೇಡ ಎಂದದ್ದು ಜವಾಬ್ದಾರಿಗೆ ಹೆದರಿ ಅಲ್ಲ, ಆ ಕೋಣೆ ಮೂರನೆಯ ಮಹಡಿಯಲ್ಲಿದೆ ಎಂದು. ಸಂಜೆ ಅತ್ತೆಯನ್ನು ಮಾತಾಡಿಸಲು ಮೇಲೆ ಬರುವಾಗ ಮೆಟ್ಟಿಲಿನ ತಿರುವಿನಲ್ಲಿ ನಿಂತು, ಉಸಿರು ತಹಬಂದಿಗೆ ಬಂದ ಮೇಲೆಯೇ ಬಾಗಿಲು ತಟ್ಟುತ್ತೇನೆ, ನನ್ನ ಏದುಸಿರು ಯಾರಿಗೂ ಕೇಳಬಾರದು ಎಂದು. ಇದನ್ನೆಲ್ಲ ಹೇಳಿ ನಾನೂ ಅತ್ತೆ. ನನ್ನ ಕಣ್ಣೀರು ನಿಜವಾದದ್ದಾಗಿತ್ತು ಕಣೇ.

ಯಾರಿಗೂ ಹೇಳಬೇಡ ಅಂದೆ. ನಿಮ್ಮ ಮೇಲಾಣೆ ಅಕ್ಕಾ ಅಂದೆ ನೀನು.

ಅದಾದ ವಾರದೊಳಗೆ ಮೆಟ್ಟಿಲಿನ ತಿರುವಿನಲ್ಲಿ ಒಂದು ಕುರ್ಚಿ ಬಂದು ಕೂತಿತು. ಅಮ್ಮನಿಗೆ ಸುಸ್ತಾಗುತ್ತದೆ ಎಂದು ತಂದಿದ್ದೇನೆ ಅಂದ ನನ್ನ ಮೈದುನ. ಅತ್ತೆ ಮೆಟ್ಟಿಲಿಳಿದು ವರ್ಷವಾಯಿತು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಸುಮ್ಮನೆ ಅದರ ಮೇಲೆ ಕೂತು ಸುಧಾರಿಸಿಕೊಂಡು ಮೇಲೆ ಬರುತ್ತಿದ್ದೆ, ಪುಣ್ಯಾತ್ಮ ಎಂದು ಅವನನ್ನು ಹರಸುತ್ತಾ. ನೀವೆಲ್ಲ ಒಳಗೆ ಕೂತು ನನ್ನ ಉಸಿರು ಇಳಿಯುವುದನ್ನು ಕಾಯುತ್ತಿದ್ದಿರಿ ಅಲ್ಲವೇ? ನಾನು ಬಾಗಿಲು ತಟ್ಟಿದ ಮೇಲೆ ಏನೂ ಗೊತ್ತಿಲ್ಲದವರಂತೆ, ಬಾ ಬಾ, ಇವತ್ತು ತಡವಾಯ್ತಲ್ಲ ಅನ್ನುತ್ತಿದ್ದಿರಿ.

ಮಂಗಳವಾರ ಮನೆಗೆ ಬಂದವಳು ನಿನ್ನ ಭಾವನನ್ನು ಹಿಡಿದು ಕೇಳಿದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದರು. ದಿಂಬಿನ ಕೆಳಗಿನ ಚೀಟಿಯನ್ನು ನೋಡಿದ್ದು ಅವರು. ಉಪಾಯ ಅತ್ತೆಯದು. ಅವಳಿಗೆ ನೀನು ಓಡು ಅಂದ್ರೆ ಕಿವಿಗೇ ಹಾಕ್ಕೊಳಲ್ಲ, ಯಾರಿಗಾದ್ರೂ ಸಹಾಯ ಮಾಡು ಅಂದ್ರೆ ಚಪ್ಪಲಿ ಹಾಕ್ಕೊಳೋಕೂ ನಿಲ್ಲಲ್ಲ ಅಂದರಂತೆ. ಅತ್ತೆ ನನ್ನನ್ನು ಎಷ್ಟು ಚೆನ್ನಾಗಿ ಬಲ್ಲರು ನೋಡು. ನಾನು ಕೌಂಟರಿನಲ್ಲಿ ಕೂತಿರುವ ಹೊತ್ತಿನಲ್ಲಿ ನೀವು ನಾಲ್ವರು ಮೇಲಿನ ಮನೆಯಲ್ಲಿ ಸೇರಿ, ಯಾರು ಏನು ಹೇಳಬೇಕು ಎಂದು ಹಂಚಿಕೊಂಡಿರಿ. ಬೆಂಚಿನ ಮೇಲೆ ನೀನು ಅತ್ತದ್ದೂ ಅದರಲ್ಲೇ ಬಂತೇ ಎಂದು ಕೇಳಿದೆ. ಅವತ್ತು ನನ್ನ ಮುಖ ಬಿಳಿಚಿಕೊಂಡಿತ್ತಂತೆ, ನಿಲ್ಲು ಅಂದರೆ ನಾನು ನಿಲ್ಲುತ್ತಿರಲಿಲ್ಲವಂತೆ, ಅದಕ್ಕೇ ನೀನೇ ಕೂತೆಯಂತೆ, ಹಾಗಂದರು. ನಿನ್ನ ಒಳ್ಳೇದಕ್ಕೇ ಮಾಡಿದ್ದಲ್ವಾ, ಇದರಲ್ಲಿ ತಪ್ಪೇನಿದೆ ಅಂತಲೂ ಕೇಳಿ, ತಟ್ಟೆ ಮುಂದಕ್ಕೆ ತಳ್ಳಿ, ಇನ್ನೊಂದು ಸೌಟು ಬಡಿಸಲು ಹೇಳಿದರು.

ಬಡಿಸಿದೆ. ಆದರೆ ತಪ್ಪೇನಿದೆ ಎಂಬುದನ್ನು ನಿನಗಾದರೂ ಹೇಳಬೇಕು.

ಒಳ್ಳೆಯದಾಗಿದೆ, ನಿಜ. ಡಾಕ್ಟರು ಮೊನ್ನೆ ರಿಪೋರ್ಟು ನೋಡಿ ನನ್ನ ಬೆನ್ನು ತಟ್ಟಿದರು. ಆದರೆ ಆ ಬೆಳಗುಗಳಲ್ಲಿ ನಾನು ಓಡುತ್ತಿದ್ದುದು ಆರೋಗ್ಯಕ್ಕಾಗಿ ಅಲ್ಲ, ನೀನು ಇದ್ದೀಯ ಎಂದು. ಈ ಮನೆಗೆ ಬಂದಂದಿನಿಂದ ನನಗೆ ಮಾಡಿ ಹಾಕುವವರ, ಹೇಳಿ ಕೊಡುವವರ ಸಂಬಂಧ ಬೇಕಾದಷ್ಟಿದೆ. ನನ್ನಷ್ಟೇ ಸೋತವಳು, ನನ್ನಷ್ಟೇ ಹೆದರುವವಳು ಒಬ್ಬಳು ಪಕ್ಕದಲ್ಲಿ ಇದ್ದದ್ದು ಅದೇ ಮೊದಲು. ಅಂಥವಳು ಇರಲೇ ಇಲ್ಲ. ಒಬ್ಬ ಗಟ್ಟಿ ಹೆಂಗಸು ರೋಗಿಯನ್ನು ಕೈಹಿಡಿದು ನಡೆಸುತ್ತಿದ್ದಳು, ರೋಗಿ ಅವಳನ್ನು ಬಸವನಹುಳು ಎಂದು ಕರೆಯುತ್ತಿದ್ದಳು. ಇನ್ನೊಂದು. ನಾವು ಯಾವಾಗಲೂ ಒಂದೇ ಹೆಜ್ಜೆಯಲ್ಲಿ ಓಡಿದೆವು. ಹೆಜ್ಜೆ ನನ್ನದೆಂದು ತಿಳಿದಿದ್ದೆ. ಈಗ ಅನುಮಾನ. ನನಗೆ ಸಾಕಾಗುತ್ತಿದೆ ಎಂದು ಕಂಡಾಗ ನೀನು ನಿಧಾನ ಮಾಡಿದೆಯೋ, ನಾನು ನಿಂತೇ ಬಿಡಬೇಕಾದ ಕಡೆ ನೀನು ಎಳೆದುಕೊಂಡು ಹೋದೆಯೋ? ನನ್ನ ಕಾಲು ತಾನಾಗಿ ಎಷ್ಟು ದೂರ ಹೋಗುತ್ತದೆ ಎಂಬುದು ಇಷ್ಟು ತಿಂಗಳ ಮೇಲೂ ನನಗೆ ಗೊತ್ತಿಲ್ಲ. ಅದನ್ನು ನೀವು ನನ್ನಿಂದ ಕಿತ್ತುಕೊಂಡಿರಿ.

ಅತ್ತೆಗೆ ನಾನು ಏನೂ ಅನ್ನುವುದಿಲ್ಲ, ವಯಸ್ಸಾದವರು. ಗಂಡಸರಿಬ್ಬರೂ ಹೇಳಿದಷ್ಟು ಮಾಡಿದವರು. ಆಣೆ ಇಟ್ಟವಳು ನೀನು. ಇಷ್ಟು ವರ್ಷ ಮೇಲೆ ಕೆಳಗೆ ಇದ್ದೂ ನಿನಗೆ ಓಟ ಅಷ್ಟು ಪ್ರೀತಿಯಾಗಿತ್ತು ಎಂದು ನನಗೊಂದು ಮಾತು ಹೇಳದವಳೂ ನೀನು. ನನ್ನ ಗುಟ್ಟನ್ನು ಮನೆಗೆಲ್ಲ ಹಂಚಿದೆ, ನಿನ್ನ ಗುಟ್ಟನ್ನು ನನ್ನೊಬ್ಬಳಿಂದ ಬಚ್ಚಿಟ್ಟೆ.

ನಾವಿಬ್ಬರೂ ಹೆಸರು ಕೊಟ್ಟಿರುವ ಭಾನುವಾರದ ಐದು ಕಿಲೋಮೀಟರ್ ಓಟಕ್ಕೆ ನನ್ನನ್ನು ಎಬ್ಬಿಸಲು ಬರಬೇಡ. ನಿನ್ನ ಪಕ್ಕದಲ್ಲಿ ನಾನು ಓಡುವುದಿಲ್ಲ. ಈ ಕಾಗದಕ್ಕೆ ಉತ್ತರ ಬರೆಯಬೇಡ, ಮೆಟ್ಟಿಲಿಳಿದು ಬಂದು ಕಾಲು ಹಿಡಿಯುವ ನಾಟಕವೂ ಬೇಡ. ನಾಟಕ ನಿನಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದನ್ನು ನೋಡಿ ಆಗಿದೆ.

ಇಂತಿ,
ನೀನು ಅಕ್ಕಾ ಎಂದು ಕರೆಯುತ್ತಿದ್ದವಳು

ಮರೆತ ಮಾತು: ಬೆಳಿಗ್ಗೆ ಓಟದವರ ಕಚೇರಿಗೆ ಹೋಗಿದ್ದೆ. ನಮ್ಮಿಬ್ಬರ ಹೆಸರೂ ಹೊಸಬರ ಗುಂಪಿನಲ್ಲಿ, ಎಲ್ಲರಿಗಿಂತ ಹಿಂದೆ ನಿಲ್ಲುವವರಲ್ಲಿ ಇತ್ತು. ನಿನ್ನ ಹೆಸರನ್ನು ಅಲ್ಲಿಂದ ತೆಗೆಸಿ ಮುಂದಿನ ಸಾಲಿಗೆ, ವೇಗದವರ ಜೊತೆಗೆ ಹಾಕಿಸಿದ್ದೇನೆ. ನಾನು ಹಿಂದೆಯೇ ಇರುತ್ತೇನೆ, ಒಬ್ಬಳೇ. ಹಿಂದಿರುಗಿ ನೋಡಬೇಡ, ನನಗಾಗಿ ನಿಧಾನ ಮಾಡಬೇಡ, ಮಾಡಿದ್ದು ಗೊತ್ತಾದರೆ ನಮ್ಮ ಋಣ ಅಲ್ಲಿಗೆ ಮುಗಿಯಿತು. ನಾನು ಬಂದು ಮುಟ್ಟುವ ಹೊತ್ತಿಗೆ ನಿನ್ನ ಉಸಿರು ತಣ್ಣಗಾಗಿರುತ್ತದೆ, ಗೊತ್ತು. ಆದ್ದರಿಂದ ಓಟ ಮುಗಿದ ಕೂಡಲೇ ಯಾರ ಕೈಯಲ್ಲಾದರೂ ನಿನ್ನದೊಂದು ಫೋಟೋ ತೆಗೆಸಿ ಇಟ್ಟಿರು. ನಿನಗೆ ನಿಜವಾಗಿ ಏದುಸಿರು ಬಂದರೆ ಮುಖ ಹೇಗಿರುತ್ತದೆ ಎಂಬುದನ್ನು ನಾನಿನ್ನೂ ನೋಡಿಲ್ಲ.