ಗಾಳಿಯ ಮಗಳು ಕೈ ಎತ್ತಿದಳು

ಮಾರ್ಚ್ ೯, ಬುಧವಾರ

ಪ್ರೀತಿಯ ಗಾಳಿ,

ನಿನ್ನ ಆಮೆಯ ನಮಸ್ಕಾರ. ಕಾಗದ ತಡವಾಯಿತು, ಬೈಯಬೇಡ. ಬರೆಯೋಣವೆಂದು ಕೂತಾಗಲೆಲ್ಲ ಯಾವನಾದರೂ ಒಬ್ಬ ಮೂಗು ಹಿಡಿದುಕೊಂಡು ಒಳಗೆ ಬರುತ್ತಾನೆ, "ಸಾರ್, ರಕ್ತ" ಅಂತ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಿದ್ದೆ ಮಾರಾಯ, ಎಷ್ಟೋ ಸಲ. ಪ್ರತಿಸಲವೂ ನೀನು ಖುಷಿಯಿಂದ ಮಾತಾಡಿದೆ, ಪ್ರತಿಸಲವೂ ವರ್ಷಗಳ ಮೇಲೆ ಸಿಕ್ಕವನ ಹಾಗೆ. ಕಾಗದವಾದರೆ ಮನೆಯಲ್ಲಿ ಇರುತ್ತದೆ. ನಿನ್ನ ಕಣ್ಣಿಗೆ ಅಕ್ಷರ ನಿಲ್ಲುವುದಿಲ್ಲವೆಂದು ಗೊತ್ತು, ಅತ್ತಿಗೆ ಓದಿ ಹೇಳುತ್ತಾರೆ. ಮರೆತರೆ ಇನ್ನೊಮ್ಮೆ ಓದಿಸಿಕೋ. ನಾಚಿಕೆ ಏನೂ ಬೇಡ.

ನಮ್ಮ ಬಾಕ್ಸಿಂಗ್ ಹಾಲ್ ನೀನು ಬಿಟ್ಟುಹೋದ ಹಾಗೇ ಇದೆ. ಅದೇ ಬೆವರಿನ ವಾಸನೆ, ಅದೇ ಸೋರುವ ತಗಡು. ಗುದ್ದುವ ದೊಡ್ಡ ಚೀಲ ಮತ್ತೆ ಹರಿದಿತ್ತು, ಚಪ್ಪಲಿ ಹೊಲಿಯುವವನ ಕೈಯಲ್ಲಿ ತೇಪೆ ಹಾಕಿಸಿದೆ. ಈ ವರ್ಷದ ಮಕ್ಕಳು ಒಬ್ಬರಿಗಿಂತ ಒಬ್ಬರು ಪುಣ್ಯಾತ್ಮರು. ಅಂಚೆಯವನ ಮಗ ಗುದ್ದು ಬರುವ ಮೊದಲೇ ಕಣ್ಣು ಮುಚ್ಚುತ್ತಾನೆ. ಅವನ ಮುಖದ ಹತ್ತಿರ ಮೆತ್ತನೆಯ ಪ್ಯಾಡ್ ನಿಧಾನವಾಗಿ ತಂದು, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿಯನ್ನು ಓದಿಸುತ್ತೇನೆ. "ಸಾರ್, ಇದು ಕಣ್ಣಾಸ್ಪತ್ರೆನಾ?" ಅಂತ ಕೇಳಿದ, ಬಡ್ಡಿಮಗ. ಆದರೆ ಈಗ ಕಣ್ಣು ಬಿಡುತ್ತಿದ್ದಾನೆ. ಹೆದರಿಕೆಯಿಂದ ಬಂದ ಚಟವನ್ನು ಬಿಡಿಸುವುದು ಸುಲಭ ಗಾಳಿ, ಹೆದರಿಕೆ ಹೋದರೆ ಚಟವೂ ಹೋಗುತ್ತದೆ. ಪ್ರೀತಿಯಿಂದ ಅಂಟಿದ್ದನ್ನು ಬಿಡಿಸುವುದೇ ನನಗೆ ತಿಳಿಯುತ್ತಿಲ್ಲ. ಹೌದು, ನಿನ್ನ ಮಗಳ ವಿಷಯಕ್ಕೇ ಬರುತ್ತಿದ್ದೇನೆ.

ಮರಿ ಚೆನ್ನಾಗಿದ್ದಾಳೆ. ಹಾಸ್ಟೆಲಿನ ಊಟಕ್ಕೆ ಬೈದುಕೊಂಡೇ ಎರಡು ಸಲ ಬಡಿಸಿಕೊಳ್ಳುತ್ತಾಳೆ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ, ಹೆಲ್ಮೆಟ್ಟಿನೊಳಗೆ ಸೆಖೆಯಂತೆ. ಅವಳ ಎಡಗೈ ಎಷ್ಟು ಚುರುಕೆಂದರೆ ಪ್ಯಾಡ್ ಹಿಡಿಯುವ ನನ್ನ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡಿದ್ದೇನೆ. ನಾನು ಕಲಿಸಿದವರಲ್ಲಿ ಇಂಥವಳು ಇನ್ನೊಬ್ಬಳಿಲ್ಲ. ಇದನ್ನು ಅವಳಿಗೆ ಹೇಳಬೇಡ, ತಲೆ ತಿರುಗೀತು.

ಆದರೆ ಗುದ್ದು ಬಂದಾಗ ಏನು ಮಾಡುತ್ತಾಳೆ ಗೊತ್ತೇ? ಎರಡೂ ಕೈ ಸೊಂಟಕ್ಕೆ ಇಳಿಸಿ, ಗದ್ದ ಮೇಲೆತ್ತಿ, ತಲೆಯನ್ನು ನೇರ ಹಿಂದಕ್ಕೆ ಎಳೆದುಕೊಂಡು ನಗುತ್ತಾಳೆ. ನಿನ್ನದೇ ಅಚ್ಚು! ನೀನು ರಿಂಗಿನಲ್ಲಿ ಹೀಗೆ ಮಾಡಿದಾಗ ಜನ ಎದ್ದು ನಿಲ್ಲುತ್ತಿದ್ದರು. ನಿನಗೆ ಗುದ್ದುವುದೆಂದರೆ ಗಾಳಿಗೆ ಗುದ್ದಿದ ಹಾಗೆ ಅಂತ ನಿನಗೆ ಆ ಹೆಸರು ಬಂತು. ಮುಷ್ಟಿಗಳ ಹಿಂದೆ ತಲೆ ಹುದುಗಿಸಿಕೊಳ್ಳುತ್ತಿದ್ದ ನನಗೆ ಮಾತ್ರ "ಲೇ ಆಮೆ, ಹೊರಗೆ ಬಾರೋ" ಅಂತ ಶಿಳ್ಳೆ. ಮರಿ ಆಗ ಬೆಂಚಿನಷ್ಟೆತ್ತರ ಇದ್ದಳು. ಬಟ್ಟೆ ಬದಲಾಯಿಸುವ ಕೋಣೆಯ ಕನ್ನಡಿಯ ಮುಂದೆ ಕೈ ಇಳಿಬಿಟ್ಟು, ತಲೆ ಹಿಂದಕ್ಕೆಳೆದು ನಿನ್ನ ಹಾಗೇ ಮಾಡಿ ತೋರಿಸುತ್ತಿದ್ದಳು. ನೀನು ಅವಳನ್ನು ಹೆಗಲಿಗೇರಿಸಿಕೊಂಡು "ನೋಡ್ರೋ, ನನ್ನ ಮಗಳು!" ಅಂತ ಹಾಲೆಲ್ಲ ಸುತ್ತುತ್ತಿದ್ದೆ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ಈಗ ನಗು ಬರುತ್ತಿಲ್ಲ. ತಲೆ ಹಿಂದಕ್ಕೆಳೆದರೆ ಮೊದಲನೆಯ ಗುದ್ದು ತಪ್ಪುತ್ತದೆ ನಿಜ. ಎರಡನೆಯದಕ್ಕೆ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ, ಕೈಯಂತೂ ಸೊಂಟದಲ್ಲಿರುತ್ತದೆ. ಅದಕ್ಕೇ ಅವಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ, ಹಿಂದಕ್ಕೆ ವಾಲಿದರೆ ತಲೆ ಗೋಡೆಗೆ ತಾಗುವ ಹಾಗೆ. ಮಡಿಸಿದ ಕರವಸ್ತ್ರವನ್ನು ಗದ್ದದಡಿ ಇಟ್ಟು, ಬೀಳಿಸಬಾರದು ಅಂದೆ. ಕೈ ಇಳಿದಾಗಲೆಲ್ಲ ಪ್ಯಾಡಿನಿಂದ ಕೆನ್ನೆಗೆ ತಟ್ಟಿದೆ. ಸೋಮವಾರ ಶುರು ಮಾಡಿದರೆ ಶನಿವಾರದ ಹೊತ್ತಿಗೆ ಕೈ ಕೆನ್ನೆಯ ಹತ್ತಿರ ನಿಲ್ಲುತ್ತದೆ. ಭಾನುವಾರ ಮನೆಗೆ ಬಂದು ಹೋಗುತ್ತಾಳೆ. ಸೋಮವಾರ ನೋಡಿದರೆ ಕೈ ಮತ್ತೆ ಸೊಂಟದಲ್ಲಿ! ನಾನು ವಾರವೆಲ್ಲ ಕಟ್ಟಿದ್ದನ್ನು ಯಾರೋ ಒಂದೇ ದಿನದಲ್ಲಿ ಕೆಡವುತ್ತಿದ್ದಾರೆ. ಯಾರೆಂದು ಊಹಿಸಲು ನಾನೇನು ಪಂಡಿತನಾಗಬೇಕೆ?

ಹೋದ ವಾರದ ಸೋಮವಾರ ಅವಳನ್ನು ಅಭ್ಯಾಸದ ಪಂದ್ಯಕ್ಕೆ ಇಳಿಸಿದ್ದೆ, ಬಡಗಿಯ ಮಗಳ ಜೊತೆ. ಆ ಹುಡುಗಿಗೆ ವೇಗವಿಲ್ಲ, ತಾಳ್ಮೆಯಿದೆ. ಮೊದಲ ಗುದ್ದನ್ನು ಸುಮ್ಮನೆ ತೋರಿಸಿದಳು. ಮರಿ ನಗುತ್ತ ತಲೆ ಹಿಂದಕ್ಕೆಳೆದಳು. ಎರಡನೆಯದು ಗದ್ದಕ್ಕೆ ಕೂತಿತು. ಮರಿ ಬೀಳಲಿಲ್ಲ, ಗಾಳಿ. ಬಿದ್ದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ನಿಂತೇ ಇದ್ದಳು, ನಗು ಮುಖದ ಮೇಲೇ ಉಳಿದಿತ್ತು, ಕಣ್ಣು ಮಾತ್ರ ನನ್ನನ್ನು ಹುಡುಕುತ್ತಿತ್ತು. ನಾನು ಎದುರಿಗೇ ಇದ್ದೆ. ಆ ನೋಟವನ್ನು ನಾನು ನಿನ್ನ ಮುಖದಲ್ಲಿ ನೋಡಿದ್ದೇನೆ. ತಕ್ಷಣ ಒಳಗೆ ನುಗ್ಗಿ ನಿಲ್ಲಿಸಿದೆ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ, ಏನೂ ಆಗಿಲ್ಲವೆಂದರು. ಎಂಟು ದಿನ ರಿಂಗಿನ ಹತ್ತಿರ ಸುಳಿಯಲು ಬಿಡಲಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟಳು.

ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದ್ದು ನಿನಗೆ ಮರೆತಿದೆ, ನನಗೆ ಮರೆತಿಲ್ಲ. ನಿನ್ನ ಈ ಮರೆವು ಒಂದು ದೊಡ್ಡ ಏಟಿನಿಂದ ಬಂದದ್ದಲ್ಲವಂತೆ, ಲೆಕ್ಕಕ್ಕೇ ಸಿಗದ ಸಣ್ಣ ಏಟುಗಳಿಂದ. ನಿನ್ನ ಕಾಲು ಚುರುಕಾಗಿರುವವರೆಗೆ ನಿನ್ನನ್ನು ಯಾರೂ ಮುಟ್ಟಲಿಲ್ಲ. ವಯಸ್ಸಾಗಿ ಕಾಲು ನಿಧಾನವಾಯಿತು, ಆದರೆ ಕೈ ಮೇಲೆ ಬರಲಿಲ್ಲ, ಅದಕ್ಕೆ ಮೇಲೆ ಬಂದು ಅಭ್ಯಾಸವೇ ಇರಲಿಲ್ಲ. ಶಿಳ್ಳೆ ತಿಂದ ಆಮೆ ಇವತ್ತು ಕೂತು ಕಾಗದ ಬರೆಯುತ್ತಿದ್ದಾನೆ. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ, ಸಂಕಟದಿಂದ ಬರೆಯುತ್ತಿದ್ದೇನೆ.

ಮುಂದಿನ ತಿಂಗಳು ಆಯ್ಕೆ ಪಂದ್ಯ. ಕೈ ಮೇಲೆ ನಿಲ್ಲದಿದ್ದರೆ ನಾನು ಅವಳನ್ನು ಕಳಿಸುವುದಿಲ್ಲ, ಯಾರು ಬಂದು ಕಾಲು ಹಿಡಿದರೂ ಕಳಿಸುವುದಿಲ್ಲ. ಆದ್ದರಿಂದ ಇದೊಂದು ಉಪಕಾರ ಮಾಡು. ಭಾನುವಾರ ಅವಳ ಜೊತೆ ಆಡುವಾಗ "ಕೈ ಮೇಲೆ!" ಅನ್ನು. ನಾನು ನೂರು ಸಲ ಅನ್ನುವುದೂ ಒಂದೇ, ನೀನು ಒಂದು ಸಲ ಅನ್ನುವುದೂ ಒಂದೇ.

ಮಾತ್ರೆ ತಪ್ಪಿಸಬೇಡ. ಒಬ್ಬನೇ ಬೀದಿಗೆ ಇಳಿಯಬೇಡ. ನೀನು ನೂರು ಕಾಲ ಬಾಳಬೇಕು ಕಣೋ, ನನಗೆ ಜಗಳ ಆಡಲು ಬೇರೆ ಯಾರಿದ್ದಾರೆ? ಮರಿಗೆ ನನ್ನ ಆಶೀರ್ವಾದ ಇದ್ದೇ ಇದೆ, ಅತ್ತಿಗೆಗೆ ನಮಸ್ಕಾರ.

ನಿನ್ನ,
ಆಮೆ

ಅತ್ತಿಗೆ, ಈ ಹಾಳೆಯನ್ನು ನಿಮಗೆಂದು ಬೇರೆಯಾಗಿ ಮಡಿಸಿ ಇಟ್ಟಿದ್ದೇನೆ. ಅವನೆದುರು ಓದಬೇಡಿ.

ಅವನೇ ತಪ್ಪು ಕಲಿಸುತ್ತಿದ್ದಾನೆಂದು ನಾನು ನಂಬಿದ್ದೆ. ಅವನ ಕಾಗದವನ್ನು ನಿನ್ನೆ ಸಂಜೆಯೇ ಬರೆದು ಮುಗಿಸಿದ್ದೆ. ಇವತ್ತು ಬೆಳಿಗ್ಗೆ ಮರಿಯನ್ನು ಮತ್ತೆ ಅದೇ ಹುಡುಗಿಯ ಜೊತೆ ಇಳಿಸಿದೆ. ಇಳಿಸುವ ಮುಂಚೆ ಕೂರಿಸಿಕೊಂಡು ಬೈದೆ. "ನಿಮ್ಮಪ್ಪನಿಗೆ ಬುದ್ಧಿಯಿಲ್ಲ ಸರಿ, ನಿನಗೇನಾಗಿದೆ ದಾಡಿ?" ಅಂದುಬಿಟ್ಟೆ. ಆಗ ಬಾಯಿ ಬಿಟ್ಟಳು.

"ಅಪ್ಪ ಏನೂ ಕಲಿಸಲ್ಲ ಚಿಕ್ಕಪ್ಪ. ನಾನು ಹೋದಾಗ 'ಯಾರಮ್ಮ ನೀನು, ಯಾರು ಬೇಕಿತ್ತು?' ಅಂತಾರೆ. ಅಮ್ಮ ಬೇಕರಿ ಕೆಲಸಕ್ಕೆ ಹೋಗಿರ್ತಾಳೆ. ನೀರು ಕೊಟ್ಟು ಕೂರಿಸ್ತಾರೆ, ಪಕ್ಕದ ಮನೆಯವರನ್ನ ಕೂರಿಸೋ ಹಾಗೆ. ಒಂದಿನ ಸುಮ್ನೆ ಎದ್ದು ಅವರೆದುರು ಕೈ ಕೆಳಗೆ ಬಿಟ್ಟು ತಲೆ ಹಿಂದಕ್ಕೆ ಎಳೆದೆ. ಎದ್ದು ನಿಂತ್ಕೊಂಡು 'ನನ್ನ ಮಗಳು!' ಅಂದ್ರು. ಅವಾಗಿಂದ ಹೋದ ತಕ್ಷಣ ಅದೇ ಮಾಡ್ತೀನಿ. ಸಂಜೆ ತನಕ ಮಾಡ್ತಾನೇ ಇರ್ತೀನಿ. ನಿಲ್ಲಿಸಿದ್ರೆ ಮತ್ತೆ ಯಾರಮ್ಮ ಅಂತಾರೆ."

ಇದು ನಿಮಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೇನೆ. ನಿಮಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. ಆ ಮಾತನ್ನು ಮುರಿಯುತ್ತಿದ್ದೇನೆ.

"ಮನೇಲಿ ಅದು ಮಾಡು, ಇಲ್ಲಿ ಇದು ಮಾಡು" ಅಂದೆ. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು. ಮೈಗೆ ಮನೆ ಯಾವುದು, ರಿಂಗ್ ಯಾವುದು ಎಂಬ ಭೇದವಿಲ್ಲ ಅತ್ತಿಗೆ. ಅದು ಪ್ರೀತಿಯಿಂದ ಮಾಡಿದ್ದನ್ನೇ ಹಿಡಿದುಕೊಳ್ಳುತ್ತದೆ. "ಹಾಗಾದ್ರೆ ರಿಂಗೇ ಬಿಡ್ಲಾ?" ಅಂತ ಕೇಳಿದಳು. ಕೇಳಿದವಳೇ ಎದ್ದು ಹೆಲ್ಮೆಟ್ ಹಾಕಿಕೊಂಡಳು.

ಮೂರು ಸುತ್ತು ಆಡಿದಳು. ಒಂದು ಸಲವೂ ಕೈ ಇಳಿಯಲಿಲ್ಲ, ಒಂದು ಏಟೂ ತಲೆಗೆ ಬೀಳಲಿಲ್ಲ. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಹೊರಗೆ ಬಂದವಳು ಹಲ್ಲಿನ ಗಾರ್ಡ್ ಕೂಡ ತೆಗೆಯದೆ ಗೋಡೆಗೆ ಮುಖ ಮಾಡಿ ಅತ್ತಳು. ಹತ್ತಿರ ಹೋದರೆ "ಭಾನುವಾರ ಮನೆಗೆ ಹೋಗಿ ಏನು ಮಾಡ್ಲಿ ಚಿಕ್ಕಪ್ಪ?" ಅಂದಳು.

ನನ್ನ ಗೆಳೆಯನ ಮನಸ್ಸಿನಲ್ಲಿ ಮಗಳು ಉಳಿದಿರುವುದು ಒಂದೇ ಒಂದು ಭಂಗಿಯಲ್ಲಿ. ಅದನ್ನು ನಾನು ನನ್ನ ಕೈಯಾರೆ ಅಳಿಸುತ್ತಿದ್ದೇನೆ. ಅಳಿಸದೆ ಬಿಟ್ಟರೆ ಅವಳೂ ಒಂದು ದಿನ ತನ್ನ ಮಕ್ಕಳನ್ನು ಯಾರೆಂದು ಕೇಳುತ್ತಾಳೆ. ನಾನು ಅಳಿಸುತ್ತೇನೆ ಅತ್ತಿಗೆ. ನನ್ನನ್ನು ಕ್ಷಮಿಸಲು ಆಗದಿದ್ದರೆ ಕ್ಷಮಿಸಬೇಡಿ.

ಈ ಭಾನುವಾರ ಹೇಗಾದರೂ ಮಾಡಿ ಬೇಕರಿಗೆ ರಜೆ ಹಾಕಿ. ಅವಳು ಕೈ ಮೇಲಿಟ್ಟುಕೊಂಡೇ ಬರುತ್ತಾಳೆ. ನೀವು ಬಾಗಿಲ ಹತ್ತಿರವೇ ಇರಿ, ಅವನು ಯಾರೆಂದು ಕೇಳುವ ಮೊದಲೇ "ನಿಮ್ಮ ಮಗಳು ಬಂದಳು ನೋಡಿ" ಅಂದುಬಿಡಿ.