ಪುಟಾಣಿ ಡ್ರೈವರನ ಬಲಗೈ

ಗುತ್ತಿಗಾರು
೯ ಡಿಸೆಂಬರ್ ೨೦೨೪, ಸೋಮವಾರ

ಪ್ರೀತಿಯ ಹರಿಪ್ರಸಾದರಿಗೆ,

ಪ್ರೀತಿಯ ಎಂದು ಬರೆದದ್ದು ಅಭ್ಯಾಸಬಲದಿಂದ, ಇವತ್ತು ಅದನ್ನು ಹೆಚ್ಚು ನೆಚ್ಚಿಕೊಳ್ಳಬೇಡಿ. ಆರೋಗ್ಯ ಹೇಗಿದೆ? ಎರಡು ವರ್ಷದ ಹಿಂದೆ ಲಾರಿ ಜಾರಿ ಮುರಿದ ಭುಜ ಚಳಿಗೆ ನೋಯುತ್ತದೆಯೇ? ನಿಜ ಬರೆಯಿರಿ, ಆ ಅಭ್ಯಾಸ ನಿಮಗೆ ಸ್ವಲ್ಪವಾದರೂ ಉಳಿದಿದ್ದರೆ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ನನ್ನ ಹೊಲಿಗೆ ಅಂಗಡಿಯಲ್ಲಿ ಮದುವೆ ಬ್ಲೌಸುಗಳು ರಾಶಿ ಬಿದ್ದಿವೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಏನಾದರೊಂದು ಹೇಳಿ ನಗಿಸುತ್ತೀರಿ, ನನ್ನ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ. ಕಾಗದವನ್ನು ನಗಿಸಲು ನಿಮ್ಮಿಂದಾಗದು.

ನಿಮ್ಮ ಪಾರ್ಸೆಲ್ ಬಂತು. ಹೋದ ರಜೆಯಲ್ಲಿ ನೀವು ಅರ್ಧ ಕಟ್ಟಿಟ್ಟು ಹೋದ ಆ ಗೇಣುದ್ದದ ಮಿಲಿಟರಿ ಲಾರಿಯ ಮಾದರಿಯನ್ನು ನಾನು ದಿನಾ ಧೂಳು ಒರೆಸಿ ಇಟ್ಟಿದ್ದೆ. "ಡ್ರೈವರ್ ಇಲ್ಲದ ಲಾರಿ ಗುಜರಿಗೆ ಹಾಕಿದ ಹಾಗೆ ಕಾಣ್ತದೆ ಮಾರಾಯ್ತಿ, ನಿನ್ನ ಕೈ ಸಣ್ಣ ಕೆಲಸಕ್ಕೆ ಪಳಗಿದ್ದು, ನೀನೇ ಒಬ್ಬನನ್ನು ಕೂರಿಸು" ಅಂದಿರಿ. ಪಾರ್ಸೆಲಿನಲ್ಲಿ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಮನುಷ್ಯ, ಜೊತೆಗೆ ಎರಡು ಪುಟ ಸೂಚನೆ. ಪುತ್ತೂರಿಗೆ ಹೋಗಿ ಶುಕೂರರ ಅಂಗಡಿಯಿಂದ ಬಣ್ಣ ತಂದೆ. ಆಸಾಮಿ ಸ್ಟೇರಿಂಗಿನ ಕೆಳಗೆ ತೂರಲೇ ಇಲ್ಲ. ನೀವು ಬರೆದಂತೆ ಕುಂಡೆ ಉಜ್ಜಿ, ತೊಡೆ ತೆಳ್ಳಗೆ ಮಾಡಿ, ಮೂರು ದಿನ ಒದ್ದಾಡಿ ಅವನನ್ನು ಸೀಟಿಗೆ ಹೊಂದಿಸಿದೆ. ಸೂಜಿಯ ಮೊನೆಯಲ್ಲಿ ಮೀಸೆ ಬರೆದೆ. ನಿಮ್ಮ ಮೀಸೆಗಿಂತ ಚೆನ್ನಾಗಿಯೇ ಬಂದಿದೆ.

ಆಮೇಲೆ ಒಂಬತ್ತನೆಯ ಸೂಚನೆಗೆ ಬಂದೆ. ನಿಮ್ಮದೇ ಅಕ್ಷರ, ಇದೋ ಇಲ್ಲಿ ನೋಡಿ ಬರೆಯುತ್ತೇನೆ: "ಎಡಗೈ ಮಾತ್ರ ಸ್ಟೇರಿಂಗ್ ಮೇಲೆ. ಬಲಗೈ ಕತ್ತರಿಸಿ ತಿರುಗಿಸಿ ಬಾಗಿಲ ಚಿಲಕದ ಮೇಲೆ ಬರುವಂತೆ ಅಂಟಿಸು. ಬಾಗಿಲು ಪೂರ್ತಿ ಮುಚ್ಚಬೇಡ, ಒಂದು ಕೂದಲೆಳೆ ತೆರೆದಿರಲಿ. ಬೆಲ್ಟ್ ಬೇಡ. ಮೇಲಿನ ರಸ್ತೆಯಲ್ಲಿ ನಾವು ಈಗ ಹೀಗೇ ಕೂರುದು." ಕೈಯಲ್ಲಿದ್ದ ಬ್ಲೇಡು ಅಲ್ಲೇ ನಿಂತಿತು. ಡ್ರೈವರನಾದವನು ಚಿಲಕ ಹಿಡಿದು ಯಾಕೆ ಕೂರುತ್ತಾನೆ ಎಂದು ತಿಳಿಯಲು ನನಗೆ ಮಿಲಿಟರಿ ಬುದ್ಧಿ ಬೇಕಾಗಿಲ್ಲ. ಲಾರಿ ಕಣಿವೆಗೆ ಜಾರಿದರೆ ಹಾರಿಕೊಳ್ಳಲು. ನಾವು ಅಂತೆ, ಈಗ ಅಂತೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ. ನಿಮ್ಮ ಗೊಂಬೆ ಕೂದಲೆಳೆಯಷ್ಟೂ ತಪ್ಪಬಾರದು, ಹೆಂಡತಿಗೆ ಹೇಳುವುದು ಮಾತ್ರ ಹೇಗಿದ್ದರೂ ನಡೆಯುತ್ತದೆ, ಅಲ್ಲವೇ? ಭುಜ ಗುಣವಾದ ಮೇಲೆ "ನನ್ನನ್ನು ಕೆಳಗಿನ ಗೋದಾಮಿಗೆ ಹಾಕಿದ್ದಾರೆ, ಕಂಬಳಿ ಮಡಚಿ ಇಡುದು ನನ್ನ ಕೆಲಸ, ಎಂತ ಹೆದರುದು" ಎಂದು ಒಂದೂವರೆ ವರ್ಷ ನನ್ನ ಕಿವಿಗೆ ಹೂ ಇಟ್ಟಿರಿ.

ನನ್ನದು ಹಾಗಿರಲಿ. ಮಗ ಗುಡ್ಡದ ರಸ್ತೆ ಬಿಟ್ಟು ಕೆಳಗೆ ಬಂದರೆ ತಂಬಿಲದ ಸೇವೆ ಕೊಡುತ್ತೇನೆಂದು ಅತ್ತೆ ಕುಟುಂಬದ ದೈವಕ್ಕೆ ಹೇಳಿಕೊಂಡಿದ್ದರು. ನಿಮ್ಮ ಮಾತು ನಂಬಿ ಹೋದ ವರ್ಷ ಆ ಹರಕೆ ಒಪ್ಪಿಸಿದರು. ಮಂಡಿನೋವಿನಲ್ಲಿ ಅಷ್ಟೂ ಮೆಟ್ಟಿಲು ಹತ್ತಿ, ಕೈ ಮುಗಿದು, "ಮಗ ಇಳಿದು ಬಂದ, ಇನ್ನು ನಂಗೆ ಎಂತದೂ ಬೇಡ" ಎಂದು ಎಲ್ಲರೆದುರು ಹೇಳಿದರು. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸಿದೆ. ನೀವು ಫೋನಿನಲ್ಲಿ ಪ್ರಸಾದ ಕಳಿಸು ಅಂದಿರಿ, ನಾಚಿಕೆಯಾಗಲಿಲ್ಲವೇ? ಹೆತ್ತ ತಾಯಿಯ ಬಾಯಿಂದ ದೈವದ ಮುಂದೆ ಸುಳ್ಳು ಹೇಳಿಸಿದಿರಿ. ಈಗ ದೈವಕ್ಕೂ ನೀವು ಗೋದಾಮಿನಲ್ಲಿದ್ದೀರಿ ಎಂದೇ ಗೊತ್ತು. ಮೇಲೆ ಆ ರಸ್ತೆಯಲ್ಲಿ ನಿಮ್ಮನ್ನು ಯಾರು ನೋಡಿಕೊಳ್ಳಬೇಕು?

ಕೆಲಸ ಬಿಟ್ಟು ಬನ್ನಿ ಎಂದು ನಾನು ಅಳುವವಳಲ್ಲ. ಯೂನಿಫಾರ್ಮಿನ ಫೋಟೋ ನೋಡಿಯೇ ಮದುವೆಗೆ ಒಪ್ಪಿದವಳು. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಮೊನ್ನೆ ನರಿಮೊಗರಿನ ಮದುವೆಯಲ್ಲಿ ನಾನು ನಗುತ್ತಾ ಎರಡನೇ ಸಲ ಪಾಯಸ ಹಾಕಿಸಿಕೊಂಡೆ. ಅದೇ ಹೊತ್ತಿಗೆ ನೀವು ಚಿಲಕ ಹಿಡಿದು ಕೂತಿದ್ದಿರಬಹುದು. ಅಂಥ ದಿನಗಳು ಎಷ್ಟು ಹೋದವೋ ನನಗೆ ಗೊತ್ತಿಲ್ಲ. ನನಗೆ ಹೆದರಿಕೆಯಾಗಬಾರದೆಂದು ಮುಚ್ಚಿಟ್ಟೆ ಎನ್ನುತ್ತೀರಿ, ಅದೂ ಗೊತ್ತು. ಈಗ ನನಗೆ ಯಾವ ದಿನವೂ ನೆಮ್ಮದಿಯಿಲ್ಲ, ನೀವು ನಿಜವಾಗಿ ಕಂಬಳಿ ಮಡಚುವ ದಿನವೂ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಗೋದಾಮಿನಲ್ಲಿರುವ ಮಗನಿಗೆಂದು ಹೇಳಿದ್ದು, ಅದನ್ನು ಮೇಲಿನ ರಸ್ತೆಗೆ ನಾನೇ ಕಳಿಸುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳಿ.

ಸಿಟ್ಟು ಇಳಿಯದ ನಿಮ್ಮವಳು,
ಭವಿತಾ

ಬಿಟ್ಟುಹೋದದ್ದು: ಟಪಾಲು ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬಲಗೈಯನ್ನು ನೀವು ಹೇಳಿದ ಹಾಗೆಯೇ ತಿರುಗಿಸಿದ್ದೇನೆ. ಆದರೆ ಅವನನ್ನು ಸೀಟಿಗೆ ಅಂಟಿಸಿಲ್ಲ, ಅಂಟಿಸುವುದೂ ಇಲ್ಲ. ಮೇಲೆ ಹೊರಡುವ ಬೆಳಿಗ್ಗೆ ಒಂದು ಮಿಸ್ಡ್ ಕಾಲ್ ಕೊಡಿ, ಕೂರಿಸುತ್ತೇನೆ. ಇಳಿದ ಮೇಲೆ ಇನ್ನೊಂದು ಕೊಡಿ, ತೆಗೆದಿಡುತ್ತೇನೆ. ಅತ್ತೆಗೆ ನಾನು ಹೇಳುವುದಿಲ್ಲ, ಅದು ನಿಮ್ಮ ಕೆಲಸ. ನನಗೆ ಹೆದರುವುದಿದ್ದರೆ ಸರಿಯಾದ ದಿನವೇ ಹೆದರಬೇಕು.